ಕುಂಕುಮದ ಕೆಳಗಿನ ಗೆರೆ

ಈ ಚಳಿಯಲ್ಲಿ ಯಾರಾದರೂ ಫ್ಯಾನು ಕೊಳ್ಳುತ್ತಾರಾ ಎಂದು ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಕೇಳಿದಳು. ಮರಿಸಿದ್ದಯ್ಯ ತೊಡೆಯ ಮೇಲಿದ್ದ ಸೀಲಿಂಗ್ ಫ್ಯಾನಿನ ಡಬ್ಬವನ್ನು ಎರಡು ಕೈಯಲ್ಲೂ ತಬ್ಬಿಕೊಂಡು, ಹಳೇದು, ರಿಪೇರಿಗೆ ಕೊಡೋಕೆ ಹೋಗ್ತಾ ಇದೀನಿ ಎಂದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಒಂದು ಕ್ಷಣ ಅವನಿಗೇ ತಾನು ಫ್ಯಾನು ಒಯ್ಯುತ್ತಿದ್ದೇನೆ ಅನ್ನಿಸಿತು. ಮೂರು ತಿಂಗಳಿಂದ ಹೀಗೇ ಆಗಿದೆ, ಬಾಯಿ ತೆರೆದರೆ ನಿಜಕ್ಕಿಂತ ಮೊದಲು ಸುಳ್ಳು ಬಂದು ಬಾಗಿಲಲ್ಲಿ ನಿಂತಿರುತ್ತದೆ. ಡಬ್ಬದೊಳಗೆ ಇದ್ದದ್ದು ಅವನೇ ಮಂಡ್ಯದ ಗುತ್ತಲಿನ ಮನೆಯ ಹಿಂದಿನ ಕೋಣೆಯಲ್ಲಿ ಎರಡು ವರ್ಷ ಕೂತು ಮಾಡಿದ ಆಟೋಜೈರೋ, ರಿಮೋಟು ಹಿಡಿದು ಹಾರಿಸುವ, ಕೈಯಲ್ಲಿ ಎತ್ತಬಹುದಾದ ವಿಮಾನ. ನೋಡಿದವರೆಲ್ಲ ಹೆಲಿಕಾಪ್ಟರ್ ಅನ್ನುತ್ತಿದ್ದರು. ಅಲ್ಲ, ಹೆಲಿಕಾಪ್ಟರಿನ ತಲೆಯ ರೆಕ್ಕೆಯನ್ನು ಮೋಟರು ತಿರುಗಿಸುತ್ತದೆ, ಇದರ ಮೋಟರು ಇರುವುದು ಮೂತಿಯಲ್ಲಿ ಮಾತ್ರ, ತಲೆಯ ಮೇಲಿನ ಎರಡು ರೆಕ್ಕೆ ಎದುರು ಬರುವ ಗಾಳಿಗೆ ತಾವೇ ತಿರುಗಬೇಕು, ಗಾಳಿ ತಪ್ಪಿದರೆ ಅವು ಬರೀ ಎರಡು ಮರದ ಪಟ್ಟಿ ಎಂದು ಅವನು ಹೇಳುತ್ತಿದ್ದ. ಐಟಿಐನಲ್ಲಿ ಮೂವತ್ತು ವರ್ಷ ಫಿಟ್ಟರ್ ಪಾಠ ಹೇಳಿ ನಿವೃತ್ತನಾದವನು, ಕೇಳದವರಿಗೂ ವಿವರಿಸುವ ಚಾಳಿ ಹೋಗಿರಲಿಲ್ಲ. ಇವತ್ತು ಮಾತ್ರ ವಿವರಿಸುವ ಮನಸ್ಸಾಗಲಿಲ್ಲ. ಹೆಂಗಸು ಡಬ್ಬದ ಮೇಲೆ ಕೈಯಿಟ್ಟು, ಇದನ್ನು ಎತ್ತಿಕೊಂಡಿರೋದು ನೋಡಿದರೆ ಮಗು ಮಲಗಿಸಿಕೊಂಡಂಗೈತೆ ಎಂದು ನಕ್ಕಳು. ಅವನು ಡಬ್ಬವನ್ನು ಕಿಟಕಿಯ ಕಡೆಗೆ ಸರಿಸಿಕೊಂಡ.

ಮದ್ದೂರಿನ ಗೆಳೆಯ ಅಕ್ರಂ ಪಾಷಾ ಬೆಳಿಗ್ಗೆ ಏಳಕ್ಕೇ ಫೋನು ಮಾಡಿದ್ದ. ಗಾಳಿ ಚೆನ್ನಾಗಿದೆ, ವೈದ್ಯನಾಥಪುರದ ಗದ್ದೆ ಬಯಲು ಕುಯ್ಲಾಗಿ ಖಾಲಿಯಾಗಿದೆ, ತೆಗೆದುಕೊಂಡು ಬನ್ನಿ ಎಂದಿದ್ದ. ಎಡಗಣ್ಣು ಹೋದ ಮೇಲೆ ಅಕ್ರಂ ತಾನಾಗಿ ಹಾರಿಸುವ ಮಾತೆತ್ತಿದ್ದು ಇದೇ ಮೊದಲು. ಫೋನು ಇಟ್ಟ ಮೇಲೆ ಮರಿಸಿದ್ದಯ್ಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಸುಮ್ಮನೆ ನಿಂತಿದ್ದ. ಇವತ್ತು ಹೇಳಿಬಿಡಬೇಕು ಅಂದುಕೊಂಡ. ಹೇಳಿದರೆ ಅಕ್ರಂ ಇರುವುದಿಲ್ಲ. ಹೇಳದಿದ್ದರೆ ಅಕ್ರಂ ಇರುತ್ತಾನೆ, ದಿನಾ ನನ್ನದೇ ತಪ್ಪು ಮೇಷ್ಟ್ರೆ ಅನ್ನುತ್ತಾ ಎದುರಿಗೇ ಇರುತ್ತಾನೆ. ಈ ಎರಡರಲ್ಲಿ ಯಾವುದು ಹೆಚ್ಚು ಸಹಿಸಲಾಗದ್ದು ಎಂದು ತೂಗಿ ನೋಡುವಷ್ಟು ನಾಚಿಕೆಗೇಡಿಯಾಗಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೆಂಡತಿ ಶೋಭಾರಾಣಿ ಹೊರಗಿನಿಂದ ಬಾಗಿಲು ತಟ್ಟಿ, ನೀರು ಓಯ್ತಾ ಅದೆ ನಿಲ್ಸಿ ಎಂದಳು. ಹೊರಡುವಾಗ ಅಕ್ರಂನ ಹೆಂಡತಿಗೆಂದು ಒಂದು ಚೀಲ ಅವರೆಕಾಯಿ ಕೊಟ್ಟು, ಜಾಕಿಯಾಗೆ ಕೊಡಿ, ಸೊಗಡಿನ ಕಾಯಿ ಅನ್ನಿ ಎಂದಳು. ಆ ಚೀಲ ಈಗ ಬಸ್ಸಿನಲ್ಲಿ ಅವನ ಕಾಲ ಸಂದಿಯಲ್ಲಿ ಕೂತು ವಾಸನೆ ಬೀರುತ್ತಿತ್ತು.

ಹೇಳಬೇಕಾದದ್ದೇನೂ ಉದ್ದದ ಸಂಗತಿಯಲ್ಲ. ಆಯುಧಪೂಜೆಗೆ ಒಂಬತ್ತು ದಿನ ಮುಂಚೆ ಒಂದು ಸಂಜೆ ರೆಕ್ಕೆಗಳನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದಾಗ ಒಂದರ ಬುಡದಲ್ಲಿ, ಬೋಲ್ಟು ಹಾಕುವ ತೂತಿನ ಪಕ್ಕ, ಕೂದಲಿನಂಥ ಗೆರೆ ಕಂಡಿತ್ತು. ಬಣ್ಣದ ಗೆರೆಯೋ ಮರದ ಗೆರೆಯೋ ಎಂದು ಕನ್ನಡಕ ಬದಲಿಸಿ ನೋಡಿದ. ಮರದ್ದೇ, ಬಿರುಕು. ಹೊಸ ರೆಕ್ಕೆ ಉಜ್ಜಿ ತೂಕ ಸರಿಮಾಡಿ ಕೂರಿಸಲು ಮೂರು ವಾರ ಬೇಕು, ಹಾರಿಸುವ ದಿನ ಆಗಲೇ ಗೊತ್ತಾಗಿತ್ತು. ಒಂದು ತೊಟ್ಟು ಅಂಟು ಬಿಟ್ಟು, ಉಪ್ಪುಕಾಗದದಲ್ಲಿ ಉಜ್ಜಿ, ಮೇಲೆ ಬಣ್ಣ ಬಳಿದ. ಗೆರೆ ಮಾಯವಾಯಿತು. ಬಿರುಕು ಬಿಟ್ಟ ಸಾಮಾನು ಎಂದರೆ ಮುರಿದ ಸಾಮಾನು ಎಂದು ತಿಳಿಯಿರಿ, ಇವತ್ತಲ್ಲ ನಾಳೆ ಅನ್ನುವುದಷ್ಟೇ ವ್ಯತ್ಯಾಸ ಎಂದು ಮೂವತ್ತು ವರ್ಷ ಹುಡುಗರಿಗೆ ಹೇಳಿದ ಬಾಯಿ ಆವತ್ತು ಮುಚ್ಚಿಕೊಂಡು, ಕೈ ತನ್ನ ಪಾಡಿಗೆ ಬಣ್ಣ ಬಳಿದಿತ್ತು. ಎರಡು ದಿನದ ನಂತರ ಬಣ್ಣದ ಮೇಲೆಯೇ ಗೆರೆ ಮತ್ತೆ ಕಂಡಿತು, ಮೊದಲಿಗಿಂತ ತೆಳುವಾಗಿ. ಈ ಸಲ ಕಂಡದ್ದು ಭ್ರಮೆಯಿರಬಹುದು ಎಂದು ಮತ್ತೆ ನೋಡಲಿಲ್ಲ. ಹಬ್ಬದ ದಿನ ಶೋಭಾರಾಣಿ ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆಮಣೆಗೆ, ಅವನ ಸ್ಪ್ಯಾನರುಗಳಿಗೆಲ್ಲ ಗಂಧ ಕುಂಕುಮ ಇಟ್ಟು, ಕೊನೆಗೆ ಆಟೋಜೈರೋದ ಎರಡೂ ರೆಕ್ಕೆಗಳ ಬುಡಕ್ಕೂ ದಪ್ಪವಾಗಿ ಇಟ್ಟಳು. ಅವಳ ಬೆರಳು ಸರಿಯಾಗಿ ಗೆರೆಯ ಮೇಲೆ ಬಿತ್ತು. ಆ ಗಳಿಗೆಯಲ್ಲಿ ಅವನಿಗಾದದ್ದು ಭಯವಲ್ಲ, ಸಮಾಧಾನ. ತನ್ನ ಜವಾಬ್ದಾರಿಯನ್ನು ದೇವರು ಕೈಯಿಂದ ಇಸಕೊಂಡ ಹಾಗೆ ಸಮಾಧಾನವಾಗಿತ್ತು. ಇದನ್ನೂ ಅಕ್ರಂಗೆ ಹೇಳಬೇಕೇ ಎಂದು ಬಸ್ಸು ನಿಂತಾಗ ಯೋಚಿಸಿದ. ಯಾರೋ ಇಳಿದರು, ಯಾರೋ ಹತ್ತಿದರು, ಹತ್ತಿದವನ ಚೀಲ ಡಬ್ಬಕ್ಕೆ ತಾಗಿತು. ಮೆಲ್ಲಗೆ ಎಂದು ಅವನು ಬೇಕಾದ್ದಕ್ಕಿಂತ ಜೋರಾಗಿ ಅಂದ.

ಹಬ್ಬ ಕಳೆದ ಭಾನುವಾರ ಹಾರಿಸಿದ್ದು ಮಳವಳ್ಳಿ ರಸ್ತೆಯ ಒಂದು ಲೇಔಟಿನಲ್ಲಿ. ರಸ್ತೆ ಹಾಕಿ, ನಂಬರಿನ ಕಲ್ಲು ನೆಟ್ಟು, ಒಂದೂ ಮನೆ ಏಳದ ಜಾಗ. ಮಳವಳ್ಳಿಯ ನಾಗೇಶ್, ಮದುವೆಗಳಲ್ಲಿ ಡ್ರೋನು ಹಾರಿಸಿ ವಿಡಿಯೋ ತೆಗೆಯುವವನು, ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಬಂದಿದ್ದ. ಗಾಳಿ ಇದ್ದರೆ ಮಾತ್ರ ಹಾರೋ ವಿಮಾನ ಯಾವ ಕಾಲದ್ದು ಮೇಷ್ಟ್ರೆ ಎಂದು ಅವನು ಹಿಂದೆಯೇ ಒಮ್ಮೆ ಹತ್ತು ಜನರ ಎದುರು ಕಾಲೆಳೆದಿದ್ದ. ಅದನ್ನು ಮರಿಸಿದ್ದಯ್ಯ ಮರೆತಿರಲಿಲ್ಲ. ಎಲ್ಲರೂ ಮೊಬೈಲು ಎತ್ತಿ ಹಿಡಿದು ಕಾಯುತ್ತಿದ್ದರು. ಆಟೋಜೈರೋವನ್ನು ತಲೆಯ ಮೇಲೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ರೆಕ್ಕೆ ತಳ್ಳಿ, ಗಾಳಿಗೆ ಎದುರಾಗಿ ಓಡಿ, ರೆಕ್ಕೆ ಸುಯ್ಯೆಂದು ಹಾಡತೊಡಗಿದ ಮೇಲೆ ಬಿಡುವವನು ಯಾವಾಗಲೂ ಅಕ್ರಂ. ಮದ್ದೂರಿನಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುವವನು ಅವನು, ಸುಟ್ಟ ಮೋಟರು ಬಿಚ್ಚಿ ತಾಮ್ರದ ತಂತಿ ಸುತ್ತುವ ಕೆಲಸ. ಐಟಿಐಗೆ ಮೋಟರು ರಿಪೇರಿಗೆಂದು ಬಂದು ಪರಿಚಯವಾಗಿ, ಹನ್ನೆರಡು ವರ್ಷದಲ್ಲಿ ಮನೆಯವನೇ ಆಗಿಬಿಟ್ಟಿದ್ದ. ಎತ್ತುವ ಮುಂಚೆ ಅವನು ತಪ್ಪದೆ ಎರಡೂ ರೆಕ್ಕೆಗಳ ಬುಡಕ್ಕೆ ಹೆಬ್ಬೆರಳಿನ ಉಗುರು ಹಾಕಿ ನಿಧಾನವಾಗಿ ಎಳೆಯುತ್ತಿದ್ದ. ತಂತಿಯ ಮೇಲಿನ ವಾರ್ನಿಷ್ ಎಲ್ಲಿ ಎದ್ದಿದೆಯೆಂದು ಕಣ್ಣಿಗಿಂತ ಮೊದಲು ಕಂಡುಹಿಡಿಯುವ ಉಗುರು. ಆವತ್ತು ಮೊದಲ ರೆಕ್ಕೆಗೆ ಹಾಕಿದ್ದು ಕುಂಕುಮ ಉದುರಿಹೋಗಿದ್ದ ಜಾಗದಲ್ಲಿ. ಎರಡನೆಯದರ ಬುಡದಲ್ಲಿ ಕುಂಕುಮ ಗಂಧದ ಜೊತೆ ಒಣಗಿ ಬಿಲ್ಲೆಯಂತೆ ಕೂತಿತ್ತು. ಅಕ್ರಂನ ಬೆರಳು ಅದರ ಹತ್ತಿರ ಬಂದು ನಿಂತಿತು. ಅಕ್ಕೋರು ಇಟ್ಟವ್ರೆ, ನಾನು ಯಾಕೆ ಅಳಿಸ್ಲಿ ಎಂದು ಅವನು ನಕ್ಕು, ಬೆರಳು ಹಿಂದಕ್ಕೆ ತೆಗೆದುಕೊಂಡು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಆ ಗಳಿಗೆಯ ಉದ್ದವನ್ನು ಮರಿಸಿದ್ದಯ್ಯ ಎಷ್ಟು ಸಲ ಅಳೆದಿದ್ದಾನೋ ಲೆಕ್ಕವಿಲ್ಲ. ಬೆರಳು ನಿಂತದ್ದನ್ನು ನೋಡಿದ. ಹಿಂದೆ ಹೋದದ್ದನ್ನು ನೋಡಿದ. ಅಳಿಸು, ಪರವಾಗಿಲ್ಲ ಎನ್ನಲು ಎರಡು ಉಸಿರಿನಷ್ಟು ಹೊತ್ತು ಖಂಡಿತ ಇತ್ತು. ಆ ಹೊತ್ತಿನಲ್ಲಿ ಅವನು ನೋಡಿದ್ದು ನಾಗೇಶನ ಕಡೆಗೆ. ನಾಗೇಶ್ ಆಕಳಿಸುತ್ತಿದ್ದ. ರಿಮೋಟಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಮರಿಸಿದ್ದಯ್ಯ, ಓಡು ಅಕ್ರಂ ಎಂದ. ಅಕ್ರಂ ಓಡಿದ, ರೆಕ್ಕೆ ಹಾಡಿತು, ಮೂತಿಯ ಮೋಟರಿಗೆ ಇವನು ಪೂರ್ತಿ ಕರೆಂಟು ಕೊಟ್ಟ. ಹಾಡು ಒಮ್ಮೆಗೇ ತುಂಡಾಯಿತು. ರೆಕ್ಕೆ ಬುಡದಲ್ಲಿ ಮುರಿದು ಬಾಲಕ್ಕೆ ಬಡಿದು ಕೆಳಗೆ, ಅಕ್ರಂನ ಮುಖಕ್ಕೆ, ತಿರುಗಿತ್ತು. ಅಕ್ರಂ ಕೂಗಲೂ ಇಲ್ಲ, ನಂಬರಿನ ಕಲ್ಲೊಂದರ ಪಕ್ಕ ಕೂತುಕೊಂಡ, ಏನೋ ಕಳೆದುಕೊಂಡವನು ಹುಡುಕಲು ಕೂತ ಹಾಗೆ. ಆಟೋಜೈರೋವನ್ನು ಮಾತ್ರ ಬಿಟ್ಟಿರಲಿಲ್ಲ, ಮಡಿಲಲ್ಲಿ ಇಟ್ಟುಕೊಂಡಿದ್ದ.

ಮೈಸೂರಿನ ಆಸ್ಪತ್ರೆಯಲ್ಲಿ ಮೂರು ದಿನ ಮರಿಸಿದ್ದಯ್ಯ ಬೆಂಚು ಬಿಟ್ಟು ಕದಲಲಿಲ್ಲ. ಅದೇ ಅವನಿಗೆ ಕೇಡಾಯಿತು. ಸ್ವಂತ ತಮ್ಮನಿಗೂ ಯಾರೂ ಹೀಗೆ ಮಾಡುವುದಿಲ್ಲ ಎಂದು ಅಕ್ರಂನ ಬೀದಿಯಲ್ಲೆಲ್ಲ ಮಾತಾಯಿತು. ಅಕ್ರಂಗೆ ಪ್ರಜ್ಞೆ ಸರಿಯಾಗಿ ಬಂದ ಮೊದಲ ಸಂಜೆ ಅವನು ಆಡಿದ ಮೊದಲ ಮಾತು, ನಾನು ಉಗುರು ಹಾಕಲಿಲ್ಲ ಮೇಷ್ಟ್ರೆ, ನನ್ನದೇ ತಪ್ಪು ಎಂಬುದು. ಮರಿಸಿದ್ದಯ್ಯ ಅವನ ಕೈ ಹಿಡಿದುಕೊಂಡು, ಸುಮ್ಮನಿರು ಎಂದ. ಹಾಗೆ ಅಂದದ್ದು ಎಷ್ಟು ದೊಡ್ಡ ಮನಸ್ಸು ಎಂದು ಜಾಕಿಯಾ ಕಣ್ಣೊರೆಸಿಕೊಂಡಳು. ಇದು ಒಂದು. ಇನ್ನೊಂದನ್ನು ನೆನೆದರೆ ಬಸ್ಸಿನ ಕಂಬಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಮುಂದಿನ ವಾರ ಮಂಡ್ಯದ ಟೀ ಅಂಗಡಿಯ ಮುಂದೆ ನಾಗೇಶ್ ಸಿಕ್ಕಿ, ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದ್ದ.

“ಪೂಜೆ ಆಗಿದ್ದನ್ನ ಅವ್ರ ಕೈಲಿ ಮುಟ್ಟಿಸ್ಬಾರ್ದಿತ್ತು ಬುಡಿ ಮೇಷ್ಟ್ರೆ. ಅಲ್ಲೇ ಎಡವಟ್ಟಾಗಿದ್ದು. ಊರೆಲ್ಲ ಅದ್ನೇ ಏಳ್ತಾ ಅವ್ರೆ.”

ಮುಟ್ಟಲಿಲ್ಲವಲ್ಲ, ಮುಟ್ಟದೇ ಇದ್ದದ್ದಕ್ಕೇ ಕಣ್ಣು ಹೋಯಿತಲ್ಲ ಎಂದು ಹೇಳಬೇಕಿತ್ತು. ಮುಟ್ಟಿದ್ದರೆ ಆ ಉಗುರು ಬಿರುಕನ್ನು ಹಿಡಿದಿರುತ್ತಿತ್ತು ಎಂದು ಕೂಗಬೇಕಿತ್ತು. ಆದರೆ ಯಾಕೆ ಮುರೀತು ಎಂದು ಯಾರೂ ಮುಂದೆ ಕೇಳದಿರಲು ಈ ಮಾತು ಎಷ್ಟು ಅನುಕೂಲವಾಗಿದೆ ಎಂದು ಅವನ ಮನಸ್ಸಿನ ಒಂದು ಮೂಲೆ ಆಗಲೇ ಕಂಡುಕೊಂಡುಬಿಟ್ಟಿತ್ತು. ಲೋಟ ಬಾಯಿಗಿಟ್ಟುಕೊಂಡು, ಹೂಂ ಎಂದಿದ್ದ. ಅಷ್ಟೇ, ಒಂದು ಹೂಂ. ಟೀ ತಣ್ಣಗಾಗಿತ್ತು.

ಮದ್ದೂರಿನಲ್ಲಿ ಅಕ್ರಂನ ಮನೆಗೆ ಹೋಗುವ ಬೀದಿಯಲ್ಲಿ ಮರಿಸಿದ್ದಯ್ಯನನ್ನು ನೋಡಿ ಸೈಕಲ್ ಅಂಗಡಿಯವನು ಎದ್ದು ನಿಂತು ಸಲಾಂ ಹೇಳಿದ. ಮೊದಲೆಲ್ಲ ಹೀಗೆ ಎದ್ದು ನಿಲ್ಲುತ್ತಿರಲಿಲ್ಲ. ತಲೆ ಬಗ್ಗಿಸಿ ಒಳಗೆ ಹೋದರೆ ಅಂಗಡಿಯಾಗಿ ಮಾಡಿಕೊಂಡ ಮುಂದಿನ ಕೋಣೆಯಲ್ಲಿ ಅಕ್ರಂ ಕಪ್ಪು ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತು ಮೋಟರಿನ ಸಂದಿಗಳಿಗೆ ತಂತಿ ತುಂಬುತ್ತಿದ್ದ. ತಂತಿಯ ತುದಿಯನ್ನು ಸಂದಿಯ ಬಾಯಿಗೆ ಗುರಿಯಿಟ್ಟ, ತಪ್ಪಿತು, ಪಕ್ಕದ ಕಬ್ಬಿಣಕ್ಕೆ ತಾಗಿತು. ಮತ್ತೆ ಇಟ್ಟ, ಮತ್ತೆ ತಪ್ಪಿತು. ಮೂರನೇ ಸಲ ಎಡಗೈ ಬೆರಳಿನಿಂದ ಸಂದಿಯನ್ನು ತಡವಿಕೊಂಡು ಅದರ ಗುಂಟ ತಂತಿ ಇಳಿಸಿದ. ಒಂದೇ ಕಣ್ಣಾದರೆ ಎಲ್ಲಾ ಒಂದೇ ದೂರದಲ್ಲಿದ್ದ ಹಾಗೆ ಕಾಣುತ್ತದೆ, ಚಹಾ ಸುರಿದರೆ ಲೋಟದ ಪಕ್ಕಕ್ಕೆ ಬೀಳುತ್ತದೆ ಎಂದು ಅವನು ತಮಾಷೆಯ ಸುದ್ದಿಯೊಂದನ್ನು ಹೇಳುವಂತೆ ಹೇಳಿದ. ಮರಿಸಿದ್ದಯ್ಯ ನಕ್ಕ, ಯಾಕೆಂದರೆ ಅಕ್ರಂ ನಗಲೆಂದೇ ಹೇಳಿದ್ದ. ಜಾಕಿಯಾ ಅವರೆಕಾಯಿ ಚೀಲ ಇಸಕೊಂಡು, ಚಹಾ ಕೊಟ್ಟು, ಬಾಗಿಲಿಗೆ ಒರಗಿ ನಿಂತಳು. ಇವರು ಹೊರಗೆ ಬರುವುದನ್ನೇ ಬಿಟ್ಟಿದ್ದರು, ಇವತ್ತು ತಾವೇ ಹೊರಟಿದ್ದಾರೆ, ನಿಮ್ಮ ಜೊತೆ ಅಂದರೆ ನನಗೆ ಧೈರ್ಯ ಎಂದಳು.  ಇಲ್ಲೇ, ಇವಳ ಎದುರೇ ಹೇಳಿಬಿಟ್ಟರೆ ಒಂದೇ ಏಟಿಗೆ ಮುಗಿಯುತ್ತದೆ ಎಂದುಕೊಂಡು ಮರಿಸಿದ್ದಯ್ಯ ಲೋಟ ಕೆಳಗಿಟ್ಟ. ಜಾಕಿಯಾ ಅವನ ಮುಖವನ್ನೇ ನೋಡುತ್ತಿದ್ದವಳು ಬೇರೇನೋ ತಿಳಿದುಕೊಂಡಳು.

“ನೀವು ಇನ್ನೂ ಅದನ್ನೇ ಮನಸಲ್ಲಿ ಇಟ್ಕೊಂಡಿದೀರ ಅಣ್ಣ. ಬುಟ್ಬುಡಿ. ಇವರು ನೋಡ್ಕೊಳ್ಳಿಲ್ಲ, ಆಯ್ತು. ಯಾರ್ ಮೇಲೂ ನಮಗೆ ಬೇಜಾರಿಲ್ಲ.”

ಮರಿಸಿದ್ದಯ್ಯ ಲೋಟವನ್ನು ಮತ್ತೆ ಕೈಗೆತ್ತಿಕೊಂಡ. ಅಕ್ರಂ ಎದ್ದು ಡಬ್ಬವನ್ನು ಎತ್ತಿಕೊಂಡ. ಅಕ್ರಂನದೇ ಸ್ಕೂಟರನ್ನು ಮರಿಸಿದ್ದಯ್ಯ ಓಡಿಸಿದ, ಡಬ್ಬ ತಬ್ಬಿಕೊಂಡು ಅಕ್ರಂ ಹಿಂದೆ ಕೂತ. ವೈದ್ಯನಾಥಪುರದ ದಾರಿಯಲ್ಲಿ ಕಬ್ಬಿನ ಟ್ರಾಕ್ಟರುಗಳು ಎದುರಾದವು. ಪ್ರತಿ ಟ್ರಾಕ್ಟರು ಹಾದುಹೋದಾಗಲೂ ಅಕ್ರಂ ಬೆಚ್ಚಿ ಇವನ ಅಂಗಿ ಹಿಡಿಯುತ್ತಿದ್ದ, ಆಮೇಲೆ ನಾಚಿಕೊಂಡವನಂತೆ ಬಿಡುತ್ತಿದ್ದ. ಆ ಹಿಡಿತ ಬೆನ್ನಿಗೆ ತಾಗಿದಾಗಲೆಲ್ಲ ಮರಿಸಿದ್ದಯ್ಯ, ಗದ್ದೆ ತಲುಪಿದ ಕೂಡಲೇ ಹೇಳುತ್ತೇನೆ ಎಂದುಕೊಂಡ. ಗದ್ದೆ ತಲುಪಿದಾಗ, ರೆಕ್ಕೆ ಜೋಡಿಸಿದ ಮೇಲೆ ಎಂದುಕೊಂಡ.

ಕುಯ್ಲಾದ ಬಯಲು ಶಿಂಷಾ ನದಿಯ ತನಕ ಖಾಲಿ ಬಿದ್ದಿತ್ತು. ಬತ್ತದ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ನಡುವೆ ಯಾರೋ ಹುರುಳಿ ಬಡಿಯಲು ಕಣ ಮಾಡಿ ಸಗಣಿ ಸಾರಿಸಿ ಬಿಟ್ಟಿದ್ದರು, ಹಾರಿದ್ದು ಇಳಿಯಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಕಣದ ಆಚೆ ಒಂದು ಕಾಲುವೆ, ಅದರ ದಂಡೆಯಲ್ಲಿ ಎರಡು ಎಮ್ಮೆ. ಬೇರೆ ಒಂದು ನರಪಿಳ್ಳೆಯೂ ಇಲ್ಲ. ಗಾಳಿ ಒಂದೇ ಸಮನೆ ಬೀಸುತ್ತಿತ್ತು, ಅಕ್ರಂ ಹೇಳಿದಷ್ಟೇ ಚೆನ್ನಾಗಿ. ಈ ಮೂರು ತಿಂಗಳಲ್ಲಿ ಮಾಡಿದ ಹೊಸ ರೆಕ್ಕೆಗಳನ್ನು ಜೋಡಿಸುವಾಗ ನಟ್ಟು ಮರಿಸಿದ್ದಯ್ಯನ ಕೈಜಾರಿ ಕೂಳೆಯೊಳಗೆ ಬಿತ್ತು, ಇಬ್ಬರೂ ಮೊಣಕಾಲೂರಿ ಹುಡುಕಿದರು. ಅಕ್ರಂನ ಕೈ ನಟ್ಟಿನ ಮೇಲೆಯೇ ಎರಡು ಸಲ ಹಾದುಹೋಯಿತು, ಅವನಿಗೆ ಕಾಣಲಿಲ್ಲ. ಮೂರನೇ ಸಲ ಹಾದುಹೋಗುವ ಮುಂಚೆ ಮರಿಸಿದ್ದಯ್ಯ ಅದನ್ನು ತೆಗೆದು, ನನಗೆ ಇಲ್ಲಿ ಸಿಕ್ಕಿತು ಎಂದು ಬೇರೆ ಕಡೆ ತೋರಿಸಿದ. ಅಕ್ರಂ ಸುಮ್ಮನೆ ಅವನನ್ನು ನೋಡಿದ. ಆಮೇಲೆ ಎರಡೂ ರೆಕ್ಕೆಗಳ ಬುಡಕ್ಕೆ ಉಗುರು ಹಾಕಿ, ಒಂದಕ್ಕೆ ಎರಡು ಸಲ, ಇನ್ನೊಂದಕ್ಕೆ ನಾಲ್ಕು ಸಲ ಎಳೆದ. ಆ ಉಗುರಿನ ಕಿರ್ರೆನ್ನುವ ಸದ್ದು ತನ್ನ ಹಲ್ಲಿನ ಬೇರಿನಲ್ಲಿ ಆಗುತ್ತಿದೆ ಅನ್ನಿಸಿ ಮರಿಸಿದ್ದಯ್ಯ ನದಿಯ ಕಡೆಗೆ ತಿರುಗಿ ನಿಂತ. ಈಗ ಹೇಳಬೇಕು. ಅಕ್ರಂ ಎಂದು ಕರೆದ. ಸರಿಯಾಗಿ ಅದೆ ಮೇಷ್ಟ್ರೆ, ಓಡ್ಲಾ ಎಂದು ಅಕ್ರಂ ಕೇಳಿದ. ಮರಿಸಿದ್ದಯ್ಯ, ಓಡು ಎಂದ.

ಅಕ್ರಂ ಓಡಿದ್ದು ಮೊದಲಿನ ಹಾಗಲ್ಲ. ಹೆಜ್ಜೆ ಎಲ್ಲಿ ಬೀಳುತ್ತದೆಂದು ತಿಳಿಯದವನು ಎತ್ತಿ ಎತ್ತಿ ಇಡುವ ಓಟ, ತಲೆಯನ್ನು ಎಡಕ್ಕೆ ತಿರುಗಿಸಿ ಇರುವ ಒಂದು ಕಣ್ಣನ್ನು ಮುಂದಕ್ಕೆ ತಂದುಕೊಂಡ ಓಟ. ರೆಕ್ಕೆ ಮೆಲ್ಲಗೆ ಸುತ್ತಿತು, ಬಿರುಸಾಯಿತು, ಹಾಡಿತು.  ಅಕ್ರಂ ಬಿಟ್ಟ. ಆಟೋಜೈರೋ ಒಂದಿಷ್ಟು ಕೆಳಕ್ಕೆ ಕುಸಿದು, ಗಾಳಿ ಹಿಡಿದು, ಬಯಲಿನ ಮೇಲೆ ಎದ್ದಿತು. ಮೇಲೇರಿದಂತೆ ಅದು ಚಿಕ್ಕದಾಯಿತು, ನದಿಯ ಮೇಲೆ ಹೋಗಿ ತಿರುಗಿದಾಗ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದ ಒಂದು ಕಪ್ಪು ಗೆರೆಯಷ್ಟೇ ಉಳಿಯಿತು. ಇಂಥ ಹೊತ್ತಿನಲ್ಲಿ, ಬತ್ತಾ ಅದೆ ಮೇಷ್ಟ್ರೆ, ಬಲಕ್ಕೆ ಕೊಡಿ ಎಂದು ಕೂಗಿ ಹೇಳುತ್ತಿದ್ದವನು ಅಕ್ರಂ, ಅವನ ಕಣ್ಣು ಅಷ್ಟು ಚುರುಕಾಗಿತ್ತು. ಈಗ ಅವನು ಮುಖ ಮೇಲೆ ಮಾಡಿ ಆಕಾಶದ ಬೇರೆಯೇ ಮೂಲೆಯನ್ನು ನೋಡುತ್ತಾ ಸುಮ್ಮನೆ ನಿಂತಿದ್ದ. ಅವನಿಗೆ ಅದು ಕಾಣುತ್ತಲೇ ಇಲ್ಲ ಎಂದು ಮರಿಸಿದ್ದಯ್ಯನಿಗೆ ಗೊತ್ತಾಯಿತು. ಕಾಣುತ್ತಿದೆ ಎಂದು ತೋರಿಸಿಕೊಳ್ಳಲು ತುಟಿ ಅರಳಿಸಿಕೊಂಡಿದ್ದ. ಗೆರೆ ಮತ್ತೆ ದಪ್ಪವಾಯಿತು, ಬರುತ್ತಿತ್ತು. ರಿಮೋಟು ಕುಯ್ಯೆಂದು ಕೂಗತೊಡಗಿತು. ಬ್ಯಾಟರಿ ತೀರುತ್ತಾ ಬಂದಿತ್ತು, ಇಳಿಸಬೇಕು.

ಅವನು ಮೋಟರನ್ನು ನಿಲ್ಲಿಸಿದ. ಮೋಟರು ನಿಂತ ಆಟೋಜೈರೋ ಬೀಳುವುದಿಲ್ಲ, ಕೆಳಗಿನಿಂದ ಬರುವ ಗಾಳಿಗೆ ರೆಕ್ಕೆ ತಿರುಗುತ್ತಲೇ ಇರುತ್ತದೆ, ಸದ್ದಿಲ್ಲದೆ ಓರೆಯಾಗಿ ಇಳಿದುಬರುತ್ತದೆ. ಕಣದ ಕಡೆಗೆ ತಿರುಗಿಸಿ, ಎದೆಯೆತ್ತರಕ್ಕೆ ಬರುವಷ್ಟರಲ್ಲಿ ನೋಡಿದರೆ ಅಕ್ರಂ ಕಣದ ಕಡೆಗೆ ನಡೆಯುತ್ತಿದ್ದ. ಇಳಿದ ಕೂಡಲೇ ಎತ್ತಿಕೊಳ್ಳಲು ಹೋಗುವುದು ಅವನ ಹಳೆಯ ರೂಢಿ. ಮೋಟರಿನ ಸದ್ದು ನಿಂತದ್ದರಿಂದ ಇಳಿದಾಯಿತು ಎಂದುಕೊಂಡಿದ್ದಾನೆ. ಅದು ಬರುತ್ತಿದ್ದದ್ದು ಅವನ ಎಡಗಡೆಯಿಂದ. ಮರಿಸಿದ್ದಯ್ಯ, ಅಕ್ರಂ ನಿಲ್ಲು ಎಂದು ಕೂಗಿದ. ಕೂಗು ಬಂದ ಕಡೆ ನೋಡಲು ಅಕ್ರಂ ಬಲಕ್ಕೆ ತಿರುಗಿ, ಕಣದ ನಟ್ಟನಡುವೆ ನಿಂತುಕೊಂಡ, ಏನು ಎಂಬಂತೆ ಕೈಯೆತ್ತಿದ. ತಿರುಗುವ ರೆಕ್ಕೆಗೂ ಅವನ ಕಿವಿಗೂ ಹತ್ತು ಮಾರು ಇರಲಿಲ್ಲ. ರಿಮೋಟಿನ ಕಡ್ಡಿಯನ್ನು ಪೂರ್ತಿ ಮುಂದಕ್ಕೆ ತಳ್ಳುವುದು ಆಟೋಜೈರೋ ಹಾರಿಸುವವನು ಎಂದೂ ಮಾಡಬಾರದ ಕೆಲಸ. ಮೂತಿ ಕೆಳಗಾದರೆ ರೆಕ್ಕೆಗೆ ಗಾಳಿ ತಪ್ಪುತ್ತದೆ, ಆಮೇಲೆ ಅದು ಕಲ್ಲು. ಮರಿಸಿದ್ದಯ್ಯ ಕಡ್ಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿದ. ಎರಡು ವರ್ಷದ ಕೆಲಸ ಕಣದ ಅಂಚಿನಲ್ಲಿ ಮೂತಿ ಊರಿ, ರೆಕ್ಕೆ ನೆಲಕ್ಕೆ ಬಡಿದು, ಚೂರಾಗಿ ಎಗರಿತು. ಕಾಲುವೆಯ ಎಮ್ಮೆಗಳು ತಲೆ ಎತ್ತಿ ನೋಡಿದವು.

ಅಕ್ರಂ ಸದ್ದು ಬಂದ ಕಡೆ ಸುತ್ತಿ ತಿರುಗಿ, ಕಾಲ ಬಳಿ ಬಂದು ಬಿದ್ದ ಮರದ ಚೂರನ್ನು ನೋಡಿದ. ಆಗ ಅವನಿಗೆ ಅರ್ಥವಾಯಿತು. ಮರಿಸಿದ್ದಯ್ಯ ಓಡುತ್ತಾ ಹೋದ, ಕೊರಳಲ್ಲಿ ರಿಮೋಟು ಎದೆಗೆ ಬಡಿಯುತ್ತಿತ್ತು. ಅಕ್ರಂ ಕೈ ಮುಗಿದುಕೊಂಡು ನಿಂತಿದ್ದ.

“ನಾನು ಅಡ್ಡ ಬಂದ್ಬುಟ್ಟೆ ಮೇಷ್ಟ್ರೆ. ನಂದೇ ತಪ್ಪು. ಅವತ್ತೂ ನಂದೇ, ಇವತ್ತೂ ನಂದೇ.”

ಕೈ ಮುಗಿದದ್ದನ್ನು ಮರಿಸಿದ್ದಯ್ಯನಿಗೆ ನೋಡಲಾಗಲಿಲ್ಲ. ಅವನು ಆ ಎರಡು ಕೈಗಳನ್ನು ಹಿಡಿದು ಬಲವಾಗಿ ಕೆಳಕ್ಕೆ ಎಳೆದ, ಹೊಡೆಯುವವನ ಹಾಗೆ. 

“ಆ ಬಿರುಕು ನನಗೆ ಗೊತ್ತಿತ್ತು ಅಕ್ರಂ.”

ಅಕ್ರಂ ಕೂತು ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದ. ನೆಲ ತಡವಿ ತಡವಿ ಆರಿಸುತ್ತಿದ್ದ. ಯಾವತ್ತಿನಿಂದ ಎಂದು ತಲೆ ಎತ್ತದೆ ಕೇಳಿದ. ಹಬ್ಬಕ್ಕೆ ಒಂಬತ್ತು ದಿನ ಮುಂಚಿನಿಂದ, ಅಂಟು ಹಾಕಿ ಬಣ್ಣ ಬಳಿದಿದ್ದೆ, ಮೇಲೆ ಕುಂಕುಮ ಕೂತಿತು ಎಂದು ಮರಿಸಿದ್ದಯ್ಯ ಹೇಳಿದ. ಹೇಳುತ್ತಾ ಹೋದಂತೆ ತನ್ನ ದನಿ ತರಗತಿಯಲ್ಲಿ ಪಾಠ ಹೇಳುವ ದನಿಯಾಗುತ್ತಿರುವುದು ಕೇಳಿಸಿ ನಿಲ್ಲಿಸಿದ. ಅಕ್ರಂ ಆರಿಸುವುದನ್ನು ನಿಲ್ಲಿಸಿರಲಿಲ್ಲ.

“ನಾನು ಉಗುರು ಹಾಕ್ದೆ ಬೆರಳು ಹಿಂದಕ್ಕೆ ತಗೊಂಡ್ನಲ್ಲ. ಅದನ್ನ ನೋಡಿದ್ರಾ?”

“ನೋಡ್ದೆ.”

ಗಾಳಿ ಇನ್ನೂ ಬೀಸುತ್ತಿತ್ತು. ಅಕ್ರಂ ಚೂರುಗಳನ್ನೆಲ್ಲ ಡಬ್ಬಕ್ಕೆ ತುಂಬಿ, ಮುಚ್ಚಳ ಮಡಚಿ, ಮೇಲೆ ಕೈಯಿಟ್ಟು ಕೂತ. ಬೈಯುತ್ತಾನೆ ಎಂದು ಮರಿಸಿದ್ದಯ್ಯ ಕಾದ, ಬೈಗುಳ ಈಗ ಅವನಿಗೆ ಅನ್ನದಷ್ಟು ಬೇಕಾಗಿತ್ತು. ಹೊಡೆದರೂ ಆಗುತ್ತಿತ್ತು. ಅಕ್ರಂ ಕಪ್ಪು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಮುಚ್ಚಿ ಹೊಲಿದಂತಿದ್ದ ಎಡಗಣ್ಣಿನ ಗುಳಿಯನ್ನು ಮರಿಸಿದ್ದಯ್ಯ ಹಗಲಿನಲ್ಲಿ ಸರಿಯಾಗಿ ನೋಡಿದ್ದು ಇದೇ ಮೊದಲು. ನೋಡಲೆಂದೇ ತೆಗೆದನೋ ಏನೋ, ಒರೆಸಿ ಮುಗಿದ ಮೇಲೂ ಅಕ್ರಂ ಕನ್ನಡಕವನ್ನು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದ.

“ಜಾಕಿಯಾಗೆ ಹೇಳ್ಬೇಡಿ,” ಎಂದ ಕೊನೆಗೆ. “ಯಾರಿಗೂ ಹೇಳ್ಬೇಡಿ. ಮಳವಳ್ಳೀಲಿ ಏನ್ ಮಾತಾಡ್ತಾವ್ರೆ ನನಗೂ ಗೊತ್ತು. ನನ್ನ ತಪ್ಪು ಅಂದ್ರೆ ಇದು ನನ್ನ ಮನೇಲೇ ಇರ್ತದೆ. ನಿಮ್ಮ ತಪ್ಪು ಅಂತ ನಮ್ಮ ಬೀದಿಗೆ ಗೊತ್ತಾದ್ರೆ ಇದು ಕಣ್ಣಾಗಿ ಉಳಿಯಕಿಲ್ಲ. ಎರಡೂ ಕಡೆಯವ್ರು ಒಂದು ನೆಪಕ್ಕೆ ಕಾಯ್ತಾ ಅವ್ರೆ ಮೇಷ್ಟ್ರೆ.”

ಮರಿಸಿದ್ದಯ್ಯ ತಲೆಯಾಡಿಸಿದ. ಹೇಳಿದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದ ಅವನ ಲೆಕ್ಕ ಪೂರಾ ತಪ್ಪಿತ್ತು. ಇನ್ನು ಜಾಕಿಯಾ ಚಹಾ ಕೊಡುತ್ತಾಳೆ, ಸೈಕಲ್ ಅಂಗಡಿಯವನು ಎದ್ದು ನಿಲ್ಲುತ್ತಾನೆ, ತಾನು ಕುಡಿಯಬೇಕು, ಸಲಾಂ ತೆಗೆದುಕೊಳ್ಳಬೇಕು, ಅದೆಲ್ಲವನ್ನೂ ಪಕ್ಕದಲ್ಲಿ ಕೂತ ಅಕ್ರಂ ನೋಡುತ್ತಿರುತ್ತಾನೆ. ಕ್ಷಮಿಸು ಅನ್ನಲು ಬಾಯಿ ತೆರೆದ. ಅಕ್ರಂ ಡಬ್ಬ ಎತ್ತಿಕೊಂಡು ಎದ್ದಾಗಿತ್ತು.

ಗದ್ದೆ ದಾಟಿ ಸ್ಕೂಟರಿನ ಕಡೆಗೆ ಹೋಗುವ ಗಾಡಿ ಜಾಡಿಗೆ ಬಂದರು. ಜಾಡಿನಲ್ಲಿ ಹಳ್ಳ ದಿಣ್ಣೆ ಇದ್ದವು, ಮರಿಸಿದ್ದಯ್ಯ ಅಕ್ರಂಗೆ ಕಾಣದ ಕಡೆ ಒತ್ತಾಸೆಯಾಗಿರಲೆಂದು ಅವನ ಎಡಗಡೆಗೆ ಹೋಗಿ, ತೋಳು ಹಿಡಿಯಲು ಕೈ ಚಾಚಿದ. ನಾಲ್ಕು ಹೆಜ್ಜೆ ಹಾಗೇ ನಡೆದರು. ಅಕ್ರಂ ನಿಂತ. ಮರಿಸಿದ್ದಯ್ಯನ ಬೆನ್ನ ಹಿಂದಿನಿಂದ ಸುತ್ತಿ, ಡಬ್ಬ ಎಲ್ಲಿಗೂ ತಾಗದಂತೆ ಎತ್ತಿ ಹಿಡಿದುಕೊಂಡು, ಜಾಡಿನ ಆ ಬದಿಗೆ ಬಂದ. ಈಗ ಮರಿಸಿದ್ದಯ್ಯ ಅವನ ಬಲಗಡೆ ಇದ್ದ, ಕಣ್ಣಿರುವ ಕಡೆ.

“ನಡೀರಿ ಮೇಷ್ಟ್ರೆ,” ಎಂದ ಅಕ್ರಂ.